ಬೆಳಗಿದ ಹನ್ನೆರಡು ಕಾಡತೂಸು

ಚೌಕಾಸಿಯಿಂದಲೇ ಮೇಲೆ ಬಂದವನಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಯಾರಾದರೂ ಕೂಲಿ ಕೇಳಿದರೆ ಸಾಕು, ಆ ಕೆಲಸ ತನಗೂ ಬರುತ್ತದೆ ಅನ್ನಿಸಿಬಿಡುತ್ತದೆ. ಕ್ಷೌರದವನು ಹೆಚ್ಚು ಕೇಳಿದನೆಂದು ನನ್ನ ಕೂದಲನ್ನು ನಾನೇ ಕತ್ತರಿಸಿಕೊಂಡು, ಎರಡು ತಿಂಗಳು ಟೊಪ್ಪಿಗೆ ತೆಗೆಯದೆ ತಿರುಗಿದ್ದೇನೆ. ಆದರೂ ರೋಗ ವಾಸಿಯಾಗಲಿಲ್ಲ.

ಇಂಡಿ ಊರಿನ ಬಜಾರಿನಲ್ಲಿ ನನ್ನದು ಹಿತ್ತಾಳೆ ಪಾತ್ರೆಗಳ ಅಂಗಡಿ. ಸಿಂದಗಿ, ಚಡಚಣದ ಸಂತೆಗಳಿಗೆ ತಲೆಯ ಮೇಲೆ ಬುಟ್ಟಿ ಹೊತ್ತು ಕಟ್ಟಿದ ಅಂಗಡಿ. ಎಪ್ಪತ್ತೈದನೇ ಇಸವಿಯ ಸುಮಾರಿಗೆ ಮಸೂತಿ ಎಂಬ ಹಳ್ಳಿಯಲ್ಲಿ ನಮ್ಮ ಮಾವನವರ ಶೇಂಗಾ ಹೊಲಕ್ಕೆ ಹಂದಿಗಳು ನುಗ್ಗತೊಡಗಿದವು. ಅವರ ಬಳಿ ಲೈಸನ್ಸಿನ ಹಳೇ ರೈಫಲ್ಲು, ಹನ್ನೆರಡು ಖಾಲಿ ಹಿತ್ತಾಳೆ ಕಾಡತೂಸು ಇದ್ದವು. ಅಂಥವು ಹೊಸವು ಎಲ್ಲಿಯೂ ಸಿಗುತ್ತಿರಲಿಲ್ಲ. ಅವಕ್ಕೇ ವಿಜಾಪುರದ ಬಂದೂಕಿನ ಉಸ್ತಾದ ಮತ್ತೆ ಮತ್ತೆ ಮದ್ದು ತುಂಬಿಕೊಡಬೇಕು. ಈ ಸಲ ಆತ, ಇವುಗಳ ಬಾಯಿ ಬಿರುಸಾಗಿದೆ, ಕಾಯಿಸಿ ಮೆತ್ತಗೆ ಮಾಡದಿದ್ದರೆ ಸೀಳುತ್ತವೆ ಎಂದು ಹೇಳಿ, ಅದಕ್ಕೆ ಬೇರೆ ಕೂಲಿ ಕೇಳಿದ್ದ. ಕೂಲಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಎದ್ದು ಕೂತೆ.

"ಮಾವಾರ, ಹಿತ್ತಾಳಿ ಅಂದ್ರ ನಾನು. ಇತ್ತ ಕೊಡ್ರಿ."

"ಅಳಿಯಾರ, ಇವು ಕೆಟ್ಟು ಅಂದ್ರ ನಾ ಹಂದಿಗೆ ಕೈ ಮುಗದು, ಹೋಗ್ರೆಪಾ ಅನ್ನಬೇಕಾಗ್ತೈತಿ. ಸೋಮಾರ ಬರ್ತೇನಿ."

ವಿದ್ಯೆ ಸುಲಭ. ನೀವೂ ತಿಳಿದಿಟ್ಟುಕೊಳ್ಳಿ, ಪುಕ್ಕಟೆ ಹೇಳುತ್ತಿದ್ದೇನೆ. ಪರಾತದಲ್ಲಿ ನೀರು ಹಾಕಿ ಕಾಡತೂಸನ್ನು ನಿಲ್ಲಿಸಬೇಕು. ಬುಡ ನೀರಿನಲ್ಲಿ ತಣ್ಣಗೆ, ಗಟ್ಟಿಯಾಗಿಯೇ ಉಳಿಯಬೇಕು. ಮೆತ್ತಗಾಗಬೇಕಾದ್ದು ಬಾಯಿ ಮಾತ್ರ. ಇದನ್ನು ಹೆಂಡತಿಗೆ ವಿವರಿಸಿದಾಗ ಆಕೆ, "ಅದ ಪರಾತದಾಗ ನೀವೂ ಒಮ್ಮೆ ನಿಲ್ರಿ" ಅಂದಳು.

ಪಕ್ಕದ ಅಕ್ಕಸಾಲಿಗನಿಂದ ಊದುಗೊಳವೆ ತಂದು, ಚಿಮಣಿಯ ಉರಿಯನ್ನು ಊದಿ ಊದಿ ಒಂದೊಂದರ ಬಾಯಿಗೂ ಹಿಡಿದೆ. ಬಾಯಿಯ ಸುತ್ತ ನೀಲಿ ಉಂಗುರ ಮೂಡಿದರೆ ಕೆಲಸ ಆಯಿತೆಂದು ಗುರುತು; ಕೂಡಲೇ ನೀರಿಗೆ ಉರುಳಿಸುವುದು. ಆರು ಮುಗಿಯುವಷ್ಟರಲ್ಲಿ ನನ್ನ ಗಲ್ಲಗಳು ಕೈಕೊಟ್ಟವು. ಎರಡು ರೊಟ್ಟಿ, ಎಣ್ಣೆಗಾಯಿ ತಿಂದು ಅಡ್ಡಾದೆ.

ಎದ್ದು ಬಂದರೆ ಹನ್ನೆರಡೂ ಕಟ್ಟೆಯ ಮೇಲೆ ಸಾಲಾಗಿ ಬಂಗಾರದ ಹಾಗೆ ಹೊಳೆಯುತ್ತಿವೆ. ಹೆಂಡತಿ ಕೈ ಒರೆಸಿಕೊಳ್ಳುತ್ತಿದ್ದಳು.

"ನಾಳಿ ಅಪ್ಪ ಬರ್ತಾನ. ಕರ್ರಗಾದ ಹಿತ್ತಾಳಿ ಕಂಡ್ರ ಮಗಳು ಹೆಂಗ ಸಂಸಾರ ಮಾಡ್ತಾಳ ಅಂದಾನು? ಹುಣಸಿಹಣ್ಣು, ಬೂದಿ ಹಚ್ಚಿ ಬೆಳಗೀನಿ."

"ಕಾಯಿಸಿದ್ದ ಆರು ಯಾವುವ?"

"ನನಗೇನ ಗೊತ್ತು. ಈಗ ಎಲ್ಲಾ ಒಂದ ತಾಯಿ ಮಕ್ಕಳಂಗ ಅದಾವಲ್ಲ."

ಎಲ್ಲವನ್ನೂ ಇನ್ನೊಮ್ಮೆ ಕಾಯಿಸಬಹುದಿತ್ತು. ಆದರೆ ಎರಡು ಸಲ ಬೆಂದದ್ದು ಕೆಟ್ಟೇಹೋದರೆ? ಉಸ್ತಾದನನ್ನು ಕೇಳೋಣವೆಂದರೆ ಮರ್ಯಾದೆ ಅಡ್ಡ ಬಂತು. ಅಂಗಡಿಯಲ್ಲಿ ಕೊಡವನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದಿನ ಮೇಲೆಯೇ ಮಾಲಿನ ಜಾತಿ ಹೇಳುವವನು ನಾನು. ಗಿರಾಕಿಗಳೂ ಅದನ್ನೇ ನಂಬಿ ಒಯ್ಯುತ್ತಾರೆ. ಆ ವಿದ್ಯೆಯನ್ನೇ ಹೊರತೆಗೆದೆ. ಒಂದನ್ನು ಕಿವಿಯ ಹತ್ತಿರ ಹಿಡಿದು ಚಮಚದಿಂದ ಬಡಿದೆ. ಟಿಣ್. ಇನ್ನೊಂದು. ಅದೂ ಟಿಣ್. ಮರುದಿನ ಬೆಳಿಗ್ಗೆಯೂ ಬಡಿಯುತ್ತಲೇ ಇದ್ದೆ; ಮಾವನವರು ಬಾಗಿಲಲ್ಲಿ ಬಂದು ನಿಂತದ್ದು ತಿಳಿಯಲಿಲ್ಲ.

"ಏನ ಭಜನಿ ನಡಿಸೀರಿ, ಅಳಿಯಾರ?"

ಹನ್ನೆರಡೂ ಆಗಿವೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಆದರೆ ರೈಫಲ್ಲು ಹಿಡಿಯುವಾಗ ಅದರ ಪಕ್ಕದಲ್ಲೇ ಮಾವನವರ ಮುಖ ಇರುತ್ತದಲ್ಲ ಎಂಬುದು ನೆನಪಾಯಿತು. ಎಲ್ಲವನ್ನೂ ಒಪ್ಪಿಕೊಂಡೆ. ಅವರು ಹನ್ನೆರಡನ್ನೂ ಟಾವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ವಿಜಾಪುರದ ಬಸ್ಸು ಹತ್ತಿದರು. ಹಿಂದೆ ನಾನು.

ಉಸ್ತಾದ ನಮ್ಮ ಕಥೆ ಕೇಳಿಕೊಂಡು, ತನ್ನ ಚಹಾ ಆರುವುದರೊಳಗೆ ಹನ್ನೆರಡನ್ನೂ ಕಾಯಿಸಿಟ್ಟ. "ಇನ್ನೊಮ್ಮಿ ಕಾಸಿದ್ರ ಏನೂ ಆಗೂದಿಲ್ರಿ, ಸಾವ್ಕಾರ. ಒಂದ ಮಾತು ಕೇಳಿದ್ರ ಹೇಳ್ತಿದ್ದೆ."

ಮರಳಿ ಬರುವಾಗ ಬಸ್ಸಿನಲ್ಲಿ ಮಾವನವರು ನನ್ನ ಕಡೆ ತಿರುಗಿದರು. "ಖರೇ ಹೇಳಿದ್ರಿ, ಚೊಲೋ ಆತು." ನನ್ನ ಎದೆ ಇನ್ನೂ ಪೂರ್ತಿ ಉಬ್ಬಿರಲಿಲ್ಲ. "ಹೋದ ವರ್ಷ ನಿಮ್ಮ ಅಂಗಡಿಂದ ಹಂಡೆ ಒಯ್ದಿದ್ದೆ. ಅದನ್ನೂ ಹಿಂಗ ಬಡದ ನೋಡಿ ಕೊಟ್ಟಿದ್ರೇನು?"

"ಹೌದ್ರಿ. ಯಾಕ್ರಿ?"

"ಸೋರತೈತಿ. ಮಗಳು ಬ್ಯಾಸರ ಮಾಡ್ಕೊಂಡಾಳಂತ ಸುಮ್ಮನಿದ್ದೆ."

ಎರಡು ದಿನಕ್ಕೆ ಹಂಡೆ ಬಸ್ಸಿನ ಟಾಪಿನ ಮೇಲೆ ಕೂತು ಇಂಡಿಗೆ ಬಂತು. ಹಮಾಲ ಅದನ್ನು ಇಳಿಸುವಾಗ ಏಣಿಗೆ ತಾಗಿ ಟಣ್ ಎಂದಿತು. ನಾನು ಪಕ್ಕದಲ್ಲಿ ನಿಂತವನ ಕಡೆ ತಿರುಗಿ, "ಸದ್ದ ಕೇಳಿದ್ರೇನು? ಚೊಲೋ ಮಾಲ ಐತಿ" ಅಂದೆ.