ಭಾನುವಾರದ ಹಲ್ಲು

ನೌಪಾಡಾದಲ್ಲಿ ಹಲ್ಲಿನ ದವಾಖಾನೆ ಇಟ್ಟುಕೊಂಡ ನನ್ನಂಥವಳು ಕಲ್ಯಾಣದ ವೃದ್ಧಾಶ್ರಮಕ್ಕೂ ಬರುತ್ತೇನೆಂದು ಒಪ್ಪಿಕೊಂಡರೆ, ಇಂಥವು ನಡೆಯದೆ ಇನ್ನೇನು ನಡೆದೀತು?

ಭದ್ರತೆ

ಅಲ್ಲಿಯ ಹಿರಿಯರಿಗೆ ಹಲ್ಲುಸೆಟ್ ಮಾಡಿಕೊಟ್ಟು, ತಿಂಗಳಾದ ಮೇಲೆ ಹೋಗಿ ನೋಡಿದರೆ ಒಬ್ಬರ ಬಾಯಲ್ಲೂ ಹಲ್ಲಿಲ್ಲ. ಮ್ಯಾನೇಜರರನ್ನು ಕೇಳಿದೆ. ಅವರು ವರ್ಷಗಟ್ಟಲೆ ಹೋಟೆಲ್ ನಡೆಸಿ ಬಂದ ಉಡುಪಿ ಕಡೆಯವರು. ಹೆಮ್ಮೆಯಿಂದ ಕಬ್ಬಿಣದ ಕಪಾಟಿನ ಬೀಗ ತೆಗೆದರು. ಒಳಗೆ ಸ್ಟೀಲ್ ಲೋಟಗಳಲ್ಲಿ ಸಾಲಾಗಿ ಹಲ್ಲುಸೆಟ್ಟುಗಳು!

"ಹೊರಗೆ ಬಿಟ್ರೆ ಕಳೆದುಹೋಗ್ತದೆ ಮಾರಾಯ್ರೆ. ಹೋಟೆಲಲ್ಲಿ ನಾನು ಚಮಚವನ್ನೇ ಬಿಟ್ಟವನಲ್ಲ. ಭಾನುವಾರ ಮನೆಯವರು ಬರುವಾಗ ಕೊಡ್ತೇವೆ, ಸಂಜೆ ವಾಪಸ್."

"ಹಲ್ಲಿರೋದು ತಿನ್ನೋದಕ್ಕಲ್ವಾ?"

"ತೆಗೆದು ನೀರಲ್ಲಿಡಿ ಅಂತ ನೀವೇ ಹೇಳಿದ್ದಲ್ವಾ?"

ರಾತ್ರಿ ಹೊತ್ತು ಎಂದಿದ್ದೆ. ಇವರ ಆಶ್ರಮದಲ್ಲಿ ಸೋಮವಾರದಿಂದ ಶನಿವಾರದವರೆಗೂ ರಾತ್ರಿಯೇ ಎಂದು ನನಗೆ ಗೊತ್ತಿರಲಿಲ್ಲ.

ಪಾನೀಯ

ಅಲ್ಲೊಬ್ಬರು ವಿಜಯಪುರದ ಅಜ್ಜಿ. ಒಂದು ಕಾಲದಲ್ಲಿ ಮಾರ್ಕೆಟ್‌ನಲ್ಲಿ ಈರುಳ್ಳಿ ಮೂಟೆ ಎತ್ತಿದ ಜೀವ, ಈಗ ಕುರ್ಚಿಯಿಂದ ಏಳಲೂ ಇಬ್ಬರು ಬೇಕು. ಬಳೆ ಮೊಳಕೈವರೆಗೆ ಜಾರುತ್ತಿತ್ತು.

"ವಯಸ್ಸಾಯ್ತಲ್ಲ," ಎಂದರು ಮ್ಯಾನೇಜರ್.

ಅಡುಗೆಮನೆಗೆ ಹೋದರೆ ಮಿಕ್ಸರ್ ಗುಂಯ್‌ಗುಡುತ್ತಿತ್ತು. ರೊಟ್ಟಿ, ಬದನೆಕಾಯಿ ಪಲ್ಯ, ಬಾಳೆಹಣ್ಣು ಎಲ್ಲ ಅದರೊಳಗೇ. ನನಗೆ ಸಿಟ್ಟು ನೆತ್ತಿಗೇರಿತು. ಹಸಿವಿಗೆ ವಯಸ್ಸೆಂದು ಹೆಸರಿಟ್ಟು ಇವರು ನೆಮ್ಮದಿಯಾಗಿದ್ದರು. ಅದನ್ನು ಸುರಿದ ಲೋಟ ಕೈಗೆ ಬಂದಾಗ ಅಜ್ಜಿ ಮೂಸಿ ನೋಡಿ ಪಕ್ಕಕ್ಕೆ ಸರಿಸಿದರು.

"ಯಾಕಜ್ಜಿ, ಬೇಡ್ವಾ?"

"ನಮ್ಮ ಕಡೆ ರೊಟ್ಟಿ ತಿಂತಾರ್ರೀ, ಕುಡಿಯಂಗಿಲ್ಲ."

ವಸೂಲಿ

ಹಲ್ಲು ದಿನಾ ಕೊಡಿ ಎಂದು ಹೇಳಿ ಹೇಳಿ ಸಾಕಾಗಿ, ಒಂದು ಭಾನುವಾರ ನಾನೇ ಹೋದೆ. ಹಾಲ್ ತುಂಬ ಹಲ್ಲು ಹೊಳೆಯುತ್ತಿತ್ತು. ಅಜ್ಜಿಯನ್ನು ನೋಡಲು ಕೋಪರಖೈರಣೆಯಿಂದ ಬಂದಿದ್ದ ಮೊಮ್ಮಗ ಮರಾಠಿ ಧಾಟಿಯಲ್ಲಿ "ಆಜಿ, ಸ್ಮೈಲ್!" ಎಂದು ಫೋಟೊ ತೆಗೆದು, "ಆಜಿ ಏಕ್‌ದಮ್ ಫಿಟ್" ಎಂದು ಫ್ಯಾಮಿಲಿ ಗ್ರೂಪಿಗೆ ಹಾಕಿ, ಲೋಕಲ್ ರೈಲು ಹಿಡಿಯಲು ಓಡಿದ. ಆಜಿ ಏನು ತಿನ್ನುತ್ತಾಳೆಂದು ಕೇಳಲು ಅವನಿಗೆ ಪುರುಸೊತ್ತಿರಲಿಲ್ಲ.

ಸಂಜೆ ಮ್ಯಾನೇಜರ್ ಎಂಜಲು ಲೋಟ ಎತ್ತುವವರ ಹಾಗೆ ಟ್ರೇ ಹಿಡಿದು ಬಂದರು. ಎಲ್ಲರೂ ತೆಗೆದುಕೊಟ್ಟರು. ಅಜ್ಜಿ ಮಾತ್ರ ಬಾಯಿ ಬಿಗಿದು ಕೂತರು.

"ಕೊಡಿ ಅಜ್ಜಿ."

ಅಜ್ಜಿ ತಲೆ ಅಲ್ಲಾಡಿಸಿದರು.

"ಬಾಯಿ ತೆರೀರಿ, ನಾನೇ ತೆಗೀತೇನೆ."

ಅಜ್ಜಿ ಒಳ್ಳೆಯ ಮಗುವಿನಂತೆ ಬಾಯಿ ತೆರೆದರು. ಬೆರಳು ಒಳಗೆ ಹೋಯಿತು. ಬಾಯಿ ಮುಚ್ಚಿತು. ಮ್ಯಾನೇಜರರ ಕೂಗಿಗೆ ಗೇಟಿನ ವಾಚ್‌ಮನ್ ದೊಣ್ಣೆ ಹಿಡಿದು ಓಡಿ ಬಂದ.

ಬೆರಳು ಬಿಡಿಸಿ ನೋಡಿದೆ. ಮೇಲಿನ ಸಾಲು, ಕೆಳಗಿನ ಸಾಲು, ಎರಡರ ಗುರುತೂ ಸಮನಾಗಿ ಮೂಡಿತ್ತು. ನನ್ನ ಕೆಲಸದ ಬಗ್ಗೆ ನನಗೇ ಹೆಮ್ಮೆಯಾಯಿತು.

"ಸೆಟ್ ಚೆನ್ನಾಗಿ ಕೂತಿದೆ. ಇವತ್ತಿಂದ ಅಜ್ಜಿಗೆ ರೊಟ್ಟಿ ಕೊಡಬಹುದು," ಎಂದೆ.

ಮ್ಯಾನೇಜರ್ ಕಪಾಟಿನ ಕೀಲಿಕೈಯನ್ನು ನನ್ನ ಕೈಗೆ ಹಾಕಿದರು.

ಅಜ್ಜಿ ಸೆರಗಿನಿಂದ ಬಾಯೊರೆಸಿಕೊಂಡರು. "ರೊಟ್ಟಿ ಜೋಡಿ ಶೇಂಗಾ ಚಟ್ನೀನೂ ಕೊಡಸ್ರಿ. ಇದು ಭಾಳ ಸಪ್ಪಗಿತ್ತು."