ಬಾಲವಿರುವ ಶುಗರ್

ನಮ್ಮ ಅಳಿಯಂದಿರಿಗೆ ಶುಗರ್ ಇದೆ. ಬೆಂಗಳೂರಿನಲ್ಲಿ ಯಾರಿಗಿಲ್ಲ, ಇದರಲ್ಲೇನು ವಿಶೇಷ ಎನ್ನುತ್ತೀರಿ. ಸ್ವಾಮಿ, ನಿಮ್ಮ ಶುಗರ್ ರಕ್ತದಲ್ಲಿರುತ್ತದೆ. ನಮ್ಮ ಅಳಿಯಂದಿರ ಶುಗರ್ ಅಂಗಿಯ ಜೇಬಿನಲ್ಲಿರುತ್ತದೆ! ಅದಕ್ಕೆ ಬಾಲವಿದೆ, ಮೀಸೆಯಿದೆ, ಹೆಸರೂ ಇದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು ಕಿಟಕಿಯ ಪರದೆಯಿಂದ ಬೀರುವಿನ ಮೇಲಕ್ಕೆ ಹಾರುತ್ತದೆ. ಯಾವ ಮಾತ್ರೆಗೂ ಇಳಿಯುವುದಿಲ್ಲ. ದ್ರಾಕ್ಷಿ ತೋರಿಸಿದರೆ ಮಾತ್ರ ಇಳಿಯುತ್ತದೆ!

ಅಜ್ಜಿಯಾದ ಖುಷಿಯಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಹೆಚ್ಚಾದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಮಾತಾಡುವುದು ಎಂ.ಎ. ಎಂದು ನಮ್ಮ ಯಜಮಾನರು ಹೇಳುತ್ತಲೇ ಇರುತ್ತಾರೆ.

ನಾವಿರುವುದು ಉಲ್ಲಾಳದಲ್ಲಿ. ಮಗಳು, ಅಳಿಯ ಇರುವುದು ಬಸವೇಶ್ವರನಗರದಲ್ಲಿ. ಅಳಿಯಂದಿರು ಎಂಥವರೆಂದರೆ, ಬಾಯಲ್ಲಿ 'ಬೇಡ' ಎನ್ನುವ ಪದವೇ ಇಲ್ಲ. ಬಡಿಸಿದರೆ ತಿನ್ನುತ್ತಾರೆ, ನಿಲ್ಲಿಸಿದರೆ ಏಳುತ್ತಾರೆ. ಇಂಥ ಚಿನ್ನದಂಥ ಮನುಷ್ಯನಿಗೆ ಶುಗರ್ ಬಂತು ಎಂದು ನನಗೆ ಗೊತ್ತಾದದ್ದು ಫೋನಿನಲ್ಲಿ.

"ಏನೇ, ದನಿ ಯಾಕೆ ಹಂಗಿದೆ?" ಎಂದೆ ಮಗಳಿಗೆ.

"ನಿದ್ದೆ ಇಲ್ಲಮ್ಮ. ಇವ್ರ ಶುಗರ್ ಬಂದಾಗಿಂದ ಇದೇ ಗೋಳು. ರಾತ್ರಿ ಎಲ್ಲ ಎದ್ದೆದ್ದು ಹೋಗ್ತಾರೆ."

ರಾತ್ರಿ ಎದ್ದೆದ್ದು ಹೋಗುವುದು! ನಮ್ಮ ಮಾವನವರಿಗೂ ಹೀಗೇ ಶುರುವಾಗಿದ್ದಲ್ಲವೇ? ಫೋನಿಟ್ಟವಳೇ ಊರಿಗೆಲ್ಲ ಸಾರಿದೆ. ನಾದಿನಿ ನೇರಳೆ ಬೀಜದ ಪುಡಿ ಕಳಿಸಿದಳು. ಪಕ್ಕದ ಮನೆಯಾಕೆ ಅಮೃತಬಳ್ಳಿಯನ್ನು ಬೇರು ಸಮೇತ ಕಿತ್ತು ತಂದಳು. ಆ ವರ್ಷ ಗೌರಿ ಹಬ್ಬಕ್ಕೆ ಬಂದ ಅಳಿಯಂದಿರಿಗೆ ನಾನು ಬಡಿಸಿದ್ದು ರಾಗಿ ಮುದ್ದೆ, ಮೆಂತ್ಯದ ಸಾರು, ಹಾಗಲಕಾಯಿ ಗೊಜ್ಜು. ಎಲ್ಲರ ಎಲೆಯಲ್ಲೂ ಒಬ್ಬಟ್ಟು, ತುಪ್ಪ. ಅವರು ಒಂದು ಸಲ ಒಬ್ಬಟ್ಟಿನ ಕಡೆ ನೋಡಿದರು, ಒಂದು ಸಲ ನನ್ನ ಕಡೆ ನೋಡಿದರು, ತಲೆ ತಗ್ಗಿಸಿ ಹಾಗಲಕಾಯಿ ತಿಂದರು. ಎಂಥ ಸಂಯಮ ಎಂದು ನನ್ನ ಕಣ್ಣು ತುಂಬಿ ಬಂತು. ಇನ್ನೊಂದು ಸೌಟು ಹಾಕಿದೆ!

ಹೀಗೆ ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಹಾಗಲಕಾಯಿ ಹೋಗಲಿಲ್ಲ.

ಆಮೇಲೊಂದು ದಿನ ಮಗಳ ಮನೆಗೆ ಹೋದೆ. ತಿಂಡಿ ಮಾಡೋಣವೆಂದು ಫ್ರಿಜ್ ತೆಗೆದರೆ, ದೋಸೆ ಹಿಟ್ಟಿನ ಪಕ್ಕದಲ್ಲಿ ಒಂದು ಡಬ್ಬಿ. ಒಳಗೆ ಹೊಂಬಣ್ಣದ ತುಂಡು ತುಂಡು ಶ್ಯಾವಿಗೆ. ಆಹಾ, ಹುರಿದೇ ಇಟ್ಟಿದ್ದಾಳೆ ಜಾಣೆ, ಉಪ್ಪಿಟ್ಟು ಮಾಡೋಣ ಎಂದು ಬಾಂಡ್ಲಿಗೆ ಸುರಿದೆ. ಒಲೆ ಇನ್ನೂ ಹಚ್ಚಿರಲಿಲ್ಲ, ದೇವರು ದೊಡ್ಡವನು. ತಣ್ಣಗೆ ಮಲಗಿದ್ದ ಶ್ಯಾವಿಗೆ ಮೈ ಮುರಿಯಿತು. ಎದ್ದಿತು. ಬಾಂಡ್ಲಿಯ ಅಂಚು ಹತ್ತಿ ನಡೆದುಕೊಂಡು ಹೊರಟಿತು!

ನನ್ನ ಕಿರುಚಾಟ ಮಹಾಲಕ್ಷ್ಮಿ ಲೇಔಟಿನವರೆಗೆ ಕೇಳಿರಬೇಕು. ಅಳಿಯಂದಿರು ಓಡಿ ಬಂದರು.

"ಅತ್ತೆ, ಅತ್ತೆ, ಅದು ಶುಗರ್‌ಗೆ ಅಂತ ತಂದಿಟ್ಟಿದ್ದು!"

"ಶುಗರ್‌ಗೆ ಹಾಗಲಕಾಯಿ ತಿನ್ನೋದು ಕೇಳಿದೀನಿ. ಹುಳ ತಿಂತಾರಾ? ಯಾವ ಡಾಕ್ಟ್ರು ಹೇಳಿದ್ದು ನಿಮಗೆ?"

ಅಷ್ಟರಲ್ಲಿ ಅವರ ಅಂಗಿಯ ಕತ್ತಿನಿಂದ ಒಂದು ತಲೆ ಹೊರಗೆ ಬಂತು. ಅದರ ಪಕ್ಕ ಇನ್ನೊಂದು. ಅಳಿಲಿಗಿಂತ ಚಿಕ್ಕವು, ಬೂದಿ ಬಣ್ಣ, ಹಣೆಯಿಂದ ಬೆನ್ನಿಗೆ ಕಪ್ಪು ನಾಮ, ಮುಖದ ತುಂಬ ಕಣ್ಣು. ನನ್ನನ್ನು ನೋಡಿ ಎರಡೂ ಹಳೇ ಮಿಕ್ಸಿ ತಿರುಗಿದಂತೆ ಗರ್ರೆಂದವು. ನಾನೂ ಗರ್ರೆಂದೆ.

"ಇದೇ ಅತ್ತೆ ಶುಗರ್ ಗ್ಲೈಡರ್, ಆಸ್ಟ್ರೇಲಿಯಾ ಕಡೆಯ ಹಾರೋ ಪ್ರಾಣಿ. ಇವನು ಎಳ್ಳು, ಇವಳು ಬೆಲ್ಲ."

"ಮತ್ತೆ ನಿಮ್ಮ ಶುಗರ್?"

"ನಂಗೆಲ್ಲಿದೆ ಅತ್ತೆ?"

"ಮತ್ತೆ ಯಾಕೆ ತಿಂದ್ರಿ ಅಷ್ಟು ಹಾಗಲಕಾಯಿ?"

"ನೀವು ಪ್ರೀತಿಯಿಂದ ಬಡಿಸಿದ್ರಿ…"

ಮಗಳನ್ನು ಕೇಳಿದರೆ ಅವಳು ಗೋಡೆ ಹಿಡಿದುಕೊಂಡು ನಗುತ್ತಿದ್ದಾಳೆ. "ಮೊದಲನೇ ಹಬ್ಬಕ್ಕೇ ಹೇಳೋಣ ಅಂತಿದ್ದೆ ಕಣಮ್ಮ. ಆದ್ರೆ ಇವ್ರ ಹೊಟ್ಟೆ ಕರಗ್ತಾ ಇತ್ತು. ಇನ್ನೊಂದೆರಡು ಹಬ್ಬ ಹೋಗ್ಲಿ ಅಂತ ಸುಮ್ನಾದೆ!"

ಅಂದಿನಿಂದ ನಾನು ಅಳಿಯಂದಿರ ಹುಚ್ಚಾಟವನ್ನು ಕಣ್ಣಾರೆ ಕಂಡೆ. ಹಗಲೆಲ್ಲ ಆ ಎರಡೂ ನಿದ್ದೆ ಮಾಡಬೇಕು, ಅದೂ ಅಳಿಯಂದಿರ ಎದೆಯ ಮೇಲೆಯೇ. ಅದಕ್ಕೊಂದು ಬಟ್ಟೆ ಚೀಲ, ಕೊರಳಿಗೆ ಜೋತು ಬಿದ್ದಿರುತ್ತದೆ. ಅದರಲ್ಲಿ ಅವನ್ನು ಹಾಕಿಕೊಂಡು ಇವರು ಆಫೀಸಿನ ಕೆಲಸ ಮಾಡುತ್ತಾರೆ, ಸೊಪ್ಪು ತರುತ್ತಾರೆ, ದೇವಸ್ಥಾನ ಸುತ್ತುತ್ತಾರೆ. ಒಮ್ಮೆ ಮಂಗಳಾರತಿ ತಂದ ಪೂಜಾರಿಗಳು ಚೀಲದೊಳಗಿನ ಮೀಸೆ ಕಂಡು ತಟ್ಟೆ ಸಮೇತ ಹಿಂದೆ ಸರಿದರಂತೆ!

"ಯಾಕಪ್ಪ ಇಷ್ಟು ಪಾಡು? ಗೂಡಲ್ಲಿ ಬಿಡಬಾರದಾ?" ಎಂದೆ.

"ಇವಕ್ಕೆ ನಮ್ಮ ಮುಖ ಗೊತ್ತಾಗಲ್ಲ ಅತ್ತೆ, ವಾಸನೆ ಗೊತ್ತಾಗತ್ತೆ. ಎದೆ ಬಡಿತ ಗೊತ್ತಾಗತ್ತೆ. ಇದು ನಮ್ಮೋನು ಅಂತ ಒಂದ್ಸಲ ಅನ್ನಿಸಿಬಿಟ್ರೆ ಎಷ್ಟು ಎತ್ತರದಿಂದ ಬೇಕಾದ್ರೂ ನಂಬಿ ಹಾರ್ತಾವೆ."

ಮಗಳು ಬಸುರಿಯಾದಳು. ನನ್ನ ಸಂತೋಷಕ್ಕೆ ಉಲ್ಲಾಳ ಸಾಲದಾಯಿತು. ಆದರೆ ಹುಟ್ಟುವ ಕೂಸಿನ ಮನೆಯಲ್ಲಿ ಹಾರುವ ಇಲಿಗಳೇ? ನಾನು ಕಡ್ಡಿ ಮುರಿದಂತೆ ಹೇಳಿದೆ: "ಅಳಿಯಂದ್ರೇ, ಮಗು ಬರೋ ಮನೇಲಿ ಇವು ಬೇಡ."

ಆಗ ನೋಡಿ, ಆ ಬಾಯಲ್ಲಿ ಮೊದಲ ಸಲ ಎದುರು ಮಾತು ಬಂತು. "ಬೇರೆಯವ್ರ ಹತ್ರ ಬಿಟ್ರೆ ಇವು ಊಟ ಬಿಟ್ಬಿಡ್ತಾವೆ ಅತ್ತೆ."

"ಹೊಟ್ಟೆ ಹಸಿದ್ರೆ ಎಲ್ಲ ತಿಂತಾವೆ."

ಅಳಿಯಂದಿರು ಕೆಂಗೇರಿಯಲ್ಲಿರುವ ಸ್ನೇಹಿತರ ಮನೆಗೆ ಗೂಡು ಹೊತ್ತುಕೊಂಡು ಹೋಗಿ ಬಿಟ್ಟು ಬಂದರು. ಬಂದು ಊಟಕ್ಕೆ ಕೂತಾಗಲೂ ಖಾಲಿ ಚೀಲ ಕೊರಳಲ್ಲೇ ಇತ್ತು. ಬಗ್ಗಿದಾಗ ಅಭ್ಯಾಸಬಲದಿಂದ ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಗ್ಗುತ್ತಿದ್ದರು.

ಮೊಮ್ಮಗಳು ದಿನ ತುಂಬುವ ಮೊದಲೇ ಬಂದುಬಿಟ್ಟಳು. ಅಯ್ಯೋ, ಅದೇನು ಕೂಸೋ! ನನ್ನ ಅಂಗೈಯಲ್ಲಿ ಮಲಗಿಸಿದರೆ ಜಾಗ ಮಿಗುತ್ತಿತ್ತು. ತೂಕ ಕಡಿಮೆ, ಮೈ ಬೇಗ ತಣ್ಣಗಾಗುತ್ತದೆ ಎಂದರು ಆಸ್ಪತ್ರೆಯ ಡಾಕ್ಟರು. ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ಮಗಳಿಗೆ ಏಳಲಾಗುತ್ತಿರಲಿಲ್ಲ. ಸಿಸ್ಟರ್ ಬಂದು, "ಕಾಂಗರೂ ಥರ ಬರೀ ಎದೆ ಮೇಲೆ ಇಟ್ಕೊಂಡು ಬೆಚ್ಚಗೆ ಕಟ್ಕೋಬೇಕು. ಅಲುಗಾಡಬಾರ್ದು. ಯಾರು ಇಟ್ಕೋತೀರಾ?" ಎಂದರು.

ನಾನು ಎಷ್ಟು ಬಾಣಂತನ ಮಾಡಿದವಳು! ಎಷ್ಟು ಕೂಸುಗಳಿಗೆ ಕಾಲ ಮೇಲೆ ಹಾಕಿ ನೀರೆರೆದವಳು! ಕೈ ಮುಂದೆ ಚಾಚಿದೆ. ಆ ಪುಟ್ಟ ಮೈ ಕಂಡು ಹಾಗೇ ಹಿಂದಕ್ಕೆಳೆದುಕೊಂಡೆ.

"ಕೊಡಿ ಅತ್ತೆ, ನಾನಿಟ್ಕೋತೀನಿ." ಅಳಿಯಂದಿರು ಅಂಗಿ ಬಿಚ್ಚಿ ಕುರ್ಚಿಗೊರಗಿ ಕೂತರು. ಕೂಸನ್ನು ಎದೆಗಿಟ್ಟು, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಬಟ್ಟೆ ಸುತ್ತಿ, ಕೈಯನ್ನು ಬೆನ್ನಿಗೆ ತಾಗಿಸಿದರು. ಕೀರಲು ದನಿಯಲ್ಲಿ ಅಳುತ್ತಿದ್ದ ಕೂಸು ಒಂದು ಸಲ ಮೂಸಿತು. ಸುಮ್ಮನಾಯಿತು. ನಿದ್ದೆ ಹೋಯಿತು.

ಸಿಸ್ಟರ್ ಬೆರಗಾದರು. "ಚೆನ್ನಾಗಿ ಹಿಡ್ಕೊಂಡಿದೀರಲ್ಲ ಸಾರ್. ಮೊದಲನೇ ಮಗು ಅಲ್ವಾ?"

"ಅಲ್ಲ ಸಿಸ್ಟರ್, ಮೂರನೇದು."

ನನ್ನ ಎದೆ ಧಸಕ್ಕೆಂದಿತು!

"ಮೊದಲೆರಡು ಕೆಂಗೇರೀಲಿದಾವೆ" ಎಂದರು ಮಹಾನುಭಾವರು, ಮಗುವಿನ ಮೇಲಿನಿಂದ ಕಣ್ಣು ತೆಗೆಯದೆ. ಆಮೇಲೆ ಆ ವಾರ್ಡಿನಲ್ಲಿ ನಮ್ಮ ಮನೆತನದ ಮರ್ಯಾದೆ ಏನಾಯಿತೆಂದು ಕೇಳಬೇಡಿ!

ಆ ಎದೆಯ ಮೇಲೆಯೇ ಕೂಸು ಮೈ ತುಂಬಿಕೊಂಡಿತು. ಕೆನ್ನೆ ಬಂತು, ದನಿ ಬಂತು. ಈಗ ಅವಳು ಅತ್ತರೆ ಪಕ್ಕದ ಬೀದಿಯವರು ಬಂದು ವಿಚಾರಿಸುತ್ತಾರೆ!

ನಾಮಕರಣ ನಮ್ಮ ಮನೆಯಲ್ಲೇ. ಮನೆ ತುಂಬ ನೆಂಟರು. ಅಳಿಯಂದಿರ ಎಲೆಗೆ ಒಬ್ಬಟ್ಟು ಹಾಕಿ, ಮೇಲೆ ತುಪ್ಪ ಸುರಿದೆ. ಅವರು ಎಲೆಯ ಮೂಲೆಯಲ್ಲಿ ಏನನ್ನೋ ಹುಡುಕಿದರು.

"ಏನು ಬೇಕಿತ್ತು?"

"ಹಾಗಲಕಾಯಿ ಗೊಜ್ಜಿಲ್ವಾ ಅತ್ತೆ?" ಅಭ್ಯಾಸವಾಗಿಬಿಟ್ಟಿದೆ, ಪಾಪ!

ಅಷ್ಟರಲ್ಲಿ ಆ ಸಾಲಿನ ಕೊನೆಯಿಂದ ನಾದಿನಿ ಕೂಗಿದಳು. "ಅತ್ತಿಗೆ, ಅವ್ರಿಗೆ ಶುಗರ್ ಅಂತ ಊರಿಗೆಲ್ಲ ಹೇಳಿದ್ದು ನೀವೇ. ಈಗ ಒಬ್ಬಟ್ಟು ಹಾಕ್ತಿದೀರಲ್ಲ!"

"ಹಾಕ್ತೀನಿ ಕಣೇ. ಅವ್ರ ಶುಗರ್‌ನ ನಾನೇ ಬೆಳಗ್ಗೆ ಕೆಂಗೇರಿಗೆ ಹೋಗಿ ಕರ್ಕೊಂಡು ಬಂದಿದೀನಿ. ಮಹಡಿ ರೂಮಲ್ಲಿ ಮಲಗಿದಾವೆ."

ಅಳಿಯಂದಿರ ಕೈ ಎಲೆಯ ಮೇಲೇ ನಿಂತಿತು. ಮರುಕ್ಷಣ ಅವರಿಲ್ಲ! ತುಂಬಿದ ಪಂಕ್ತಿಯಲ್ಲಿ, ಹಿರಿಯರು ಇನ್ನೂ ಉಣ್ಣುತ್ತಿರುವಾಗ, ಬಡಿಸಿದ ಎಲೆ ಬಿಟ್ಟು ಎದ್ದು ಮೆಟ್ಟಿಲು ಹತ್ತಿಬಿಟ್ಟಿದ್ದರು. ನಾದಿನಿ ಮೂಗಿನ ಮೇಲೆ ಬೆರಳಿಟ್ಟಳು. ನಾನು ಹಿಂದೆಯೇ ಹೋದೆ.

ಬೆಳಗ್ಗೆ ನಾನು ಹೋದಾಗ ಕೆಂಗೇರಿಯಲ್ಲಿ ಅವು ಅರೆಹೊಟ್ಟೆಯಲ್ಲಿ, ಮೂಲೆಯಲ್ಲಿ, ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ನಾನು ಅಳಿಯಂದಿರ ಒಗೆಯದ ಬನಿಯನ್ನಿನಲ್ಲಿ ಚೀಲ ಹೊಲಿದುಕೊಂಡು ಹೋಗಿದ್ದೆ. ಚೀಲದ ಬಾಯಿ ತೆರೆದು ಹಿಡಿದೆ, ಎರಡೂ ಮೂಸಿ ನೋಡಿ ಒಳಗೆ ಇಳಿದವು. ಮಗುವಿನ ಕೋಣೆ ಕೆಳಗೆ, ಇವು ಮೇಲೆ. ಕೈ ತೊಳೆಯದೆ ಯಾರೂ ಮೆಟ್ಟಿಲಿಳಿಯುವಂತಿಲ್ಲ, ಅಷ್ಟೇ ನನ್ನ ಕಾನೂನು.

ಅಳಿಯಂದಿರು ಚೀಲದ ಮುಂದೆ ನೆಲದ ಮೇಲೆ ಕೂತಿದ್ದರು. ಎಡಗೈ ಚೀಲದೊಳಗೆ, ತುಪ್ಪದ ಬಲಗೈ ಗಾಳಿಯಲ್ಲಿ. ಎಳ್ಳು, ಬೆಲ್ಲ ಎರಡೂ ಬೆರಳು ತಬ್ಬಿಕೊಂಡಿರಬೇಕು, ಕೈ ಹೊರಗೆ ಬರುತ್ತಿರಲಿಲ್ಲ. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಒಂದು ಕೈಯಲ್ಲಿ ಒಬ್ಬಟ್ಟು, ಇನ್ನೊಂದು ಕೈಯಲ್ಲಿ ಸಂಸಾರ.

ಅಳಿಯನ ಮುಖ ಮುಟ್ಟುವುದು ನಮ್ಮ ಕಡೆ ಅತ್ತೆಯಾದವಳಿಗೆ ಸಲ್ಲದು. ನಾನು ಸೆರಗಿನ ಅಂಚು ಹಿಡಿದು, ಮಗುವಿಗೆ ಒರೆಸುವ ಹಾಗೆ, ಒರೆಸಿದೆ.