ಬಂಗಲೆಯ ತಣ್ಣನೆ ಕೆನೆ

ನಗಬಾರದ ಹೊತ್ತಿನಲ್ಲೇ ನಗು ಬರುವಂಥದ್ದು ನಡೆಯೋದು ನನ್ನ ಹಣೆಯಲ್ಲಿ ಬರೆದದ್ದಿರಬೇಕು. ಚಿನ್ನದ ಗಣಿಯ ಬಿಳಿ ದೊರೆಯೊಬ್ಬರ ಬಂಗಲೆಯಲ್ಲಿ, ಅಡುಗೆಮನೆ ಕೆಲಸಕ್ಕೆ ನಾನು ಹನ್ನೊಂದು ವರ್ಷ ಇದ್ದೆ. ಅಲ್ಲಿ ಮಾಡುತ್ತಿದ್ದ ಒಂದೇ ಒಂದು ಸಿಹಿಯ ಸುತ್ತ ಆದದ್ದನ್ನು ಹೇಳಿದರೂ ಸಾಕು, ಕೇಳಿದವರು ಮೊದಲು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ, ಆಮೇಲೆ ಆ ಕೈ ಹಿಂದೆಯೇ ನಗುತ್ತಾರೆ.

ಕೆನೆ

ನಮ್ಮದು ಬಂಗಾರಪೇಟೆ ಹತ್ತಿರದ ಹಳ್ಳಿ. ಎರಡು ಎಮ್ಮೆ, ಒಂದಿಷ್ಟು ರಾಗಿ ಹೊಲ. ನನ್ನ ಗಂಡ ಗಣಿಗೆ ಇಳಿಯುತ್ತಿದ್ದ. ಒಂದು ದಿನ ಒಳಗೆ ಬಂಡೆ ಸಿಡಿದು ಅವನ ಮೇಲೆ ಬಿತ್ತು. ಹದಿನೈದು ದಿನ ಕಳೆದ ಮೇಲೆ ಅವನ ಮೇಲಿನ ದೊರೆ, ದೊರೆಸಾನಿಯನ್ನು ಕರಕೊಂಡು, ಸಮಾಧಾನ ಹೇಳೋಕೆ ನಮ್ಮ ಮನೆ ಬಾಗಿಲಿಗೇ ಬಂದರು. ಜೊತೆಗೆ ಅವರ ಬಟ್ಲರ್ ಇದ್ದ. ತಮಿಳಿನವನು. ಇಂಗ್ಲಿಷನ್ನು ತಮಿಳು ಮಾಡಿ, ತಮಿಳನ್ನು ಅರ್ಧ ಕನ್ನಡ ಮಾಡಿ ನಮಗೆ ದಾಟಿಸುತ್ತಿದ್ದ.

ಒಳಗೆ ನಮ್ಮತ್ತೆ ಎದೆ ಬಡಕೊಂಡು ಅಳುತ್ತಿದ್ದಳು. ಜಗಲಿ ಮೇಲೆ ದೊರೆಸಾನಿ ಕೇಳಿದರು, ಇನ್ನು ಮುಂದೆ ಏನು ಮಾಡುತ್ತೀ ಅಂತ.

"ಏನ್ ಮಾಡೋದು ಸ್ವಾಮಿ, ಎಮ್ಮೆ ಅವೆ. ಆಲು ಕಾಯ್ಸಿ ಕೆನೆ ತೆಗೀತೀನಿ, ಬೆಣ್ಣೆ ಮಾಡ್ತೀನಿ."

ಕೆನೆ ಅಂದದ್ದು ದೊರೆಸಾನಿಗೆ ತಲುಪಿದ ತಕ್ಷಣ ಅವರು ನೆಟ್ಟಗೆ ಕೂತರು. ತೋರಿಸು ಅಂದರು. ಗಡಿಗೆ ತಂದೆ. ರೊಟ್ಟಿ ದಪ್ಪ ಕೆನೆ ಕಟ್ಟಿತ್ತು. ಬೆರಳಲ್ಲಿ ಎತ್ತಿ ಬಾಯಿಗಿಟ್ಟುಕೊಂಡು ದೊರೆಗೆ ಏನೇನೋ ಹೇಳಿದರು. ಬಟ್ಲರ್ ದಾಟಿಸಿದ:

"ದೊರೆಸಾನಿಯಮ್ಮನ ಅಜ್ಜಿಗೂ ಅಜ್ಜಿ, ಯಾವುದೋ ಅರಮನೆ ಕಾಲದ ತಿಂಡಿ ಮಾಡೋದನ್ನ ಪುಸ್ತಕದಲ್ಲಿ ಬರೆದು ಇಟ್ಟಿದಾರಂತೆ. ಕೆನೆಗೆ ಹಣ್ಣು, ಹೂವು ಹಾಕಿ ಐಸಲ್ಲಿ ಗಟ್ಟಿ ಮಾಡೋದು. ಈ ಊರಿಗೆ ಬಂದು ನಾಲ್ಕು ವರ್ಷ, ಒಳ್ಳೆ ಕೆನೆ ಸಿಗದೆ ಅಮ್ಮ ರೊಂಬ ಸಂಕಟಪಟ್ಟಿದಾರೆ. ನೀನು ನಾಳೆಯಿಂದ ಬಂದುಬಿಡು."

ನನ್ನ ಗಂಡ ಹೋದದ್ದು ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಕೆನೆ ಮಾತ್ರ ಚೆನ್ನಾಗಿ ಅರ್ಥವಾಗಿತ್ತು.

ಹೂವು

ಆ ಪುಸ್ತಕದ ಪ್ರಕಾರ ಕೆನೆಗೆ ರೋಜಾ ಎಸಳು ಬೇಕು. ಗಣಿ ಪಕ್ಕ ಹೂವೆಲ್ಲಿ ಬರಬೇಕು? ಬೂದಿ ಬಣ್ಣದ ಮರಳು ದಿಬ್ಬಗಳು. ಗಾಳಿ ಬೀಸಿದರೆ ಬಾಯಲ್ಲಿ ಅದೇ. ದೊರೆಸಾನಿ ಅಂಗಳದಲ್ಲಿ ನೆಟ್ಟ ಗಿಡಗಳು ಮೊಗ್ಗಿನಲ್ಲೇ ಒಣಗುತ್ತಿದ್ದವು.

ಒಂದು ಭಾನುವಾರ ಅವರ ಪಾದ್ರಿ ಊಟಕ್ಕೆ ಬರುವವರಿದ್ದರು. ಹೂವಿಗೆ ಬಜಾರಿಗೆ ಹೋದ ಬಟ್ಲರ್ ಒಂದು ಮೊರ ತುಂಬ ಬಿಡಿ ಎಸಳು ತಂದ. ಕೆಂಪಗೆ, ಘಮ್ ಅಂತ.

"ಬಿಡಿ ಎಸಳು ಯಾರು ಮಾರ್ತಾರಪ್ಪಾ?" ಅಂದೆ.

ಅವನು ಆ ಕಡೆ ಈ ಕಡೆ ನೋಡಿದ. "ನೆನ್ನೆ ಗಣಿ ಒಳಗೆ ಮೂರು ಜನ ತೀರಿಹೋದರಲ್ಲ. ಹೆಣದ ಮೆರವಣಿಗೆಗೆ ದಾರೀಲಿ ಚೆಲ್ಲೋಕೆ ಅಂತ ಹೂವಿನವನು ಮೂರು ಮೊರ ಬಿಡಿಸಿದ್ದ. ಎರಡೇ ಸಾಕಾಯ್ತಂತೆ. ಇದು ಉಳಿದದ್ದು. ಊರಲ್ಲಿ ಬೇರೆ ಹೂವೇ ಇಲ್ಲ. ಸುಮ್ನಿರು."

ನನಗೆ ಕೈ ಓಡಲಿಲ್ಲ. ನನ್ನ ಗಂಡನ ಮೇಲೆ ಬಿದ್ದದ್ದೂ ಇಂಥದ್ದೇ ಎಸಳು. ಆದರೆ ಕೆನೆ ಕಾಯುವುದಿಲ್ಲ. ತೊಳೆದೆ, ಸಕ್ಕರೆ ಹಾಕಿ ಅರೆದೆ, ಕೆನೆಗೆ ಬೆರೆಸಿ ತಿರುವಿದೆ. ತಿಳಿ ಗುಲಾಬಿ ಬಣ್ಣಕ್ಕೆ ಬಂತು.

ಪಾದ್ರಿಯವರು ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಏನೋ ಅಂದರು. ಬಟ್ಲರ್ ತಟ್ಟೆ ಹಿಡಕೊಂಡು ಒಳಗೆ ಬಂದವನು ಗೋಡೆಗೆ ಒರಗಿದ.

"ಏನಂದ್ರು?"

"ಸ್ವರ್ಗದ ವಾಸನೆ ಬರ್ತಿದೆ ಅಂದ್ರು," ಅಂದ. "ಅಲ್ಲಿಗೆ ಹೊರಟಿದ್ದ ಹೂವೇ ಅಂತ ನಾನು ಹೆಂಗೆ ಹೇಳ್ಲಿ?"

ಮಾವಿನ ಹಣ್ಣು

ಮಾರನೇ ಬೇಸಿಗೆ. ಶ್ರೀನಿವಾಸಪುರದ ಮಾವು ಬಂದಿತ್ತು. ರಸ ಹಿಂಡಿ, ಸಂಪಿಗೆ ಹೂವನ್ನು ಹಾಲಲ್ಲಿ ನೆನೆಸಿ ಸೋಸಿ, ಎರಡನ್ನೂ ಕೆನೆಗೆ ಹಾಕಿ ಗೋಪುರದ ಅಚ್ಚಿನಲ್ಲಿ ಗಟ್ಟಿ ಮಾಡಿದ್ದೆವು. ಮಧ್ಯಾಹ್ನ, ಏಳೆಂಟು ದೊರೆಗಳು ಮೇಜಿಗೆ ಕೂತಿದ್ದಾರೆ. ಬಟ್ಲರ್ ಅಚ್ಚು ಬೋರಲು ಹಾಕಿ ಮೆಲ್ಲಗೆ ಎತ್ತಿದ. ಗೋಪುರ ನಿಂತಿತು.

ಅಷ್ಟರಲ್ಲಿ ನೆಲ ಗುಡುಗಿತು. ಗಾಜುಗಳೆಲ್ಲ ಝಲ್ ಅಂದವು. ಗೋಪುರ ಒಂದು ಸಲ ಬಲಕ್ಕೆ ವಾಲಿತು, ಒಂದು ಸಲ ಎಡಕ್ಕೆ, ಆಮೇಲೆ ದೊಪ್ಪನೆ ಕೂತೇಬಿಟ್ಟಿತು. ಅದನ್ನು ಯಾರೂ ನೋಡಲಿಲ್ಲ. ದೊರೆಗಳು ಕುರ್ಚಿ ತಳ್ಳಿ ಓಡಿದರು. ಹೊರಗೆ ಆಳುಗಳ ಮನೆಸಾಲು, ಆ ಲೈನಿನ ಹೆಂಗಸರೆಲ್ಲ ಗಣಿ ಬಾಯಿಯ ಕಡೆ ಓಡುತ್ತಿದ್ದರು. ನಾನೂ ಓಡಿದೆ.

ಗೇಟಿನ ಹತ್ತಿರ ನೂಕುನುಗ್ಗಲು. ಕಾವಲಿನವನು ನನ್ನನ್ನು ತಡೆದು, "ಯಾರಮ್ಮ ನಿಮ್ಮೋರು? ಯಾವ ಪಾಳಿ?" ಅಂದ.

ಬಾಯಿ ತೆರೆದೆ. ಹೆಸರು ಬಾಯಿಗೆ ಬಂತು. ಆ ಹೆಸರಿನವನು ಸತ್ತು ಒಂದು ವರ್ಷ ಆಗಿತ್ತು. ಒಳಗೆ ನನ್ನವರು ಅಂತ ಯಾರೂ ಇರಲಿಲ್ಲ. ಕೈಯಲ್ಲಿ ಮಾತ್ರ ಮಾವಿನ ರಸ ಸುರಿಯುತ್ತಿದ್ದ ಸೌಟು ಇತ್ತು.

"ಯಾರೂ ಇಲ್ಲ ಕಣಣ್ಣಾ," ಅಂದೆ.

ಅವನು ನನ್ನನ್ನು ನೋಡಿದ, ಸೌಟು ನೋಡಿದ. "ಅಂಗಾರೆ ಬಡಿಸೋಕ್ ಬಂದ್ಯಾ?" ಅಂದ.

ದೇವರ ದಯೆ, ಸಿಡಿದದ್ದು ಹಳೇ ಸುರಂಗದಲ್ಲಿ, ಅಲ್ಲಿ ಆಳುಗಳಿರಲಿಲ್ಲ. ಸಂಜೆ ವಾಪಸು ಬಂದ ದೊರೆ, ಹಳದಿ ಕೆರೆಯಾಗಿದ್ದ ತಟ್ಟೆ ನೋಡಿ ಇದೇನು ಅಂತ ಕೇಳಿದರು. ಬಟ್ಲರ್ ಕೈಕಟ್ಟಿ ನಿಂತು, "ಇವತ್ತು ಸತ್ತದ್ದು ಇದೊಂದೇ, ಸಾರ್," ಅಂದ.

ಐಸು

ಆಮೇಲೆ ದೊರೆಸಾನಿಗೆ ಒಂದು ಹೆಣ್ಣು ಮಗುವಾಯಿತು. ಮೂರು ತಿಂಗಳಿಗೆ ಜ್ವರ ಬಂದು ಕೂಸು ತೀರಿಹೋಯಿತು. ಮಣ್ಣು ಮಾಡುವಾಗ ದೊರೆಸಾನಿ ಅಳಲಿಲ್ಲ. ಅವರಲ್ಲಿ ನಾಲ್ಕು ಜನರ ಮುಂದೆ ಅಳಬಾರದಂತೆ. ಹತ್ತು ದಿನ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಹೀಗೇ ಬಿಟ್ಟರೆ ಇವರೂ ಉಳಿಯೋದಿಲ್ಲ ಅಂತ ಡಾಕ್ಟರು ಹೇಳಿ ಹೋದರು. ಹನ್ನೊಂದನೇ ದಿನ ಬೆಳಿಗ್ಗೆ, ಅಜ್ಜಿಯ ಕೆನೆಯಾದರೆ ಎರಡು ಚಮಚ ತಿನ್ನುತ್ತೇನೆ ಅಂದರು.

ಐಸು ಬೆಂಗಳೂರಿನಿಂದ ಬಂಗಾರಪೇಟೆಗೆ ರೈಲಿನಲ್ಲಿ ಬರುತ್ತಿತ್ತು. ಅದನ್ನು ತರುವವನು ಬಟ್ಲರ್. ಅವತ್ತು ಅವನು ಚಳಿಜ್ವರ ಬಂದು ಮಲಗಿದ್ದ. ಅವನು ಐಸು ತರುವ ಮರದ ಪೆಟ್ಟಿಗೆ ನನಗೆ ಎತ್ತೋಕಾಗದು. ದೊರೆಸಾನಿಯೇ ಎದ್ದು ಪೆಟಾರಿ ತೆಗೆದು, ಮಗುವಿನ ಉಣ್ಣೆ ಶಾಲು ಕೊಟ್ಟರು. ಇದರಲ್ಲಿ ಸುತ್ತಿದರೆ ಕರಗೋದು ನಿಧಾನ ಅಂತ ಕೈಸನ್ನೆ ಮಾಡಿದರು.

ಬಂಗಾರಪೇಟೆಯಲ್ಲಿ ಐಸು ಇಳಿಸಿಕೊಂಡೆ. ಮರದ ಹೊಟ್ಟು ಮೆತ್ತಿ, ಶಾಲಿನಲ್ಲಿ ಸುತ್ತಿ, ಬಿಸಿಲು ತಾಗದಂತೆ ಸೆರಗು ಮುಚ್ಚಿ, ಮಡಿಲಲ್ಲಿಟ್ಟುಕೊಂಡು ಗಣಿ ರೈಲು ಹತ್ತಿದೆ. ಗಾಡಿ ತುಂಬ ಸಂತೆ ಮುಗಿಸಿದ ನಂದಿದುರ್ಗ ಗಣಿಯ ಲೈನಿನ ಹೆಂಗಸರು. ಪಕ್ಕದಲ್ಲಿ ಒಬ್ಬ ಅಜ್ಜಿ.

"ಕೂಸು ಉಚ್ಚೆ ಉಯ್ಕಂಡೈತೆ ನೋಡಮ್ಮಿ," ಅಂದಳು ಅಜ್ಜಿ. ನನ್ನ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಬಾಯಿ ಬಿಡುವುದರೊಳಗೆ ಸೆರಗಿನಡಿ ಕೈ ತೂರಿಸಿದಳು. ಹಾವು ಮುಟ್ಟಿದಂತೆ ಎಳಕೊಂಡಳು.

"ಅಯ್ಯಯ್ಯೋ! ತಣ್ಣಗಾಗೋಗದೆ!"

ಗಾಡಿಯೆಲ್ಲ ತಿರುಗಿತು.

"ಕೂಸಲ್ಲ ಕಣಜ್ಜಿ, ಐಸು," ಅಂದೆ.

"ಸಂಕಟಕ್ಕೆ ತಲೆ ಕೆಟ್ಟೋಗದೆ. ಕೂಸ್ನ ಐಸು ಅಂತವ್ಳೆ!"

ಯಾರೋ ಶಾಲಿಗೆ ಕೈ ಹಾಕಿದರು. "ಬಿಚ್ಚಬ್ಯಾಡಿ, ಕರಗೋಯ್ತದೆ!" ಅಂತ ಕೂಗಿದೆ. ಅಷ್ಟು ಸಾಕಾಯಿತು. ಎಲ್ಲರೂ ಲಬೋ ಅಂತ ಶುರುಮಾಡಿದರು. ಅಜ್ಜಿ ನನ್ನ ಬರೀ ಹಣೆ ನೋಡಿ, "ಗಂಡ?" ಅಂದಳು.

"ಗಣಿಯಾಗೆ ಸತ್ತೋದ."

ಅಳು ಎರಡರಷ್ಟಾಯಿತು. ನಾನು ಏನು ಮಾಡಲಿ? ಗಂಡ ಸತ್ತ ದಿನ ಎಮ್ಮೆ ಕರೆಯಬೇಕಿತ್ತು, ಅತ್ತೆಯನ್ನು ಹಿಡಕೊಳ್ಳಬೇಕಿತ್ತು. ನನಗೆ ಅಳೋಕೆ ಪುರುಸೊತ್ತೇ ಆಗಿರಲಿಲ್ಲ. ಇವರೆಲ್ಲ ನನಗೋಸ್ಕರ ಅಳುತ್ತಿದ್ದರು. ನನಗೂ ಬಂದುಬಿಟ್ಟಿತು. ಐಸು ಅಪ್ಪಿಕೊಂಡು ಗೋಳೋ ಅಂತ ಅತ್ತೆ.

ರೈಲು ಇಳಿದರೂ ಅವರು ಬಿಡಲಿಲ್ಲ. ಕೂಸನ್ನು ಮಣ್ಣು ಮಾಡೋಕೆ ಅಂತ ಒಬ್ಬಳು ಬೇವಿನ ಸೊಪ್ಪು ಕಿತ್ತಳು, ಇನ್ನೊಬ್ಬಳು ಸಂತೆಯಲ್ಲಿ ತಂದಿದ್ದ ಅರಿಶಿನ ತೆಗೆದಳು. ಹನ್ನೆರಡು ಹೆಂಗಸರು ಅಳುತ್ತಾ ನನ್ನ ಹಿಂದೆ ಬಂಗಲೆ ತನಕ ಬಂದರು.

ಸದ್ದು ಕೇಳಿ ದೊರೆಸಾನಿ ಹಿತ್ತಲಿಗೆ ಬಂದರು. ನನ್ನ ತೋಳಿನಲ್ಲಿ ಆ ಶಾಲು, ಸುತ್ತ ಅಳುವವರು. ಕಂಬಳಿ ಹೊದ್ದು ನಡುಗುತ್ತಾ ಬಂದ ಬಟ್ಲರಿಗೆ ಎಲ್ಲ ಒದರಿದೆ. ಅವನು ಇಂಗ್ಲಿಷಿನಲ್ಲಿ ದೊರೆಸಾನಿಗೂ, ತಮಿಳು ತೆಲುಗು ಕನ್ನಡ ಮೂರರಲ್ಲೂ ಹೆಂಗಸರಿಗೂ ಹೇಳಿದ.

ಅಜ್ಜಿ ದೊರೆಸಾನಿಯನ್ನೇ ನೋಡಿದಳು. "ಅಂಗಾರೆ ಸತ್ತ ಕೂಸು ಇವ್ಳ್ದಾ?" ಅಂದಳು. ಹೋಗಿ ಅವರ ಕೈ ಹಿಡಿದು ಮೆಟ್ಟಿಲ ಮೇಲೆ ಕೂರಿಸಿದಳು. ಹೆಂಗಸರು ಅಳೋದನ್ನು ಮೊದಲಿನಿಂದ ಶುರುಮಾಡಿದರು. ದೊರೆಸಾನಿ ಅಜ್ಜಿಯ ಹೆಗಲಿಗೆ ಮುಖ ಒತ್ತಿ, ಇಡೀ ಬೀದಿಗೆ ಕೇಳುವಂತೆ ಅತ್ತರು.

ತಡೆಯಲಾರದೆ ಕೊನೆಗೆ ಬಟ್ಲರೇ ಕಿರುಚಿದ: "ಅಮ್ಮಾ, ಅಳೋದು ಆಮೇಲೂ ಅಳಬಹುದು, ಐಸು ಹೋಗ್ತದೆ!"

ಶಾಲು ಬಿಚ್ಚಿದರೆ ತೆಂಗಿನಕಾಯಿಯಷ್ಟು ಉಳಿದಿತ್ತು. ಒಡೆದು, ಉಪ್ಪು ಬೆರೆಸಿ, ಮರದ ಬಕೆಟ್ಟಿಗೆ ತುಂಬಿ, ನಡುವೆ ಕೆನೆಯ ತಗಡಿನ ಡಬ್ಬಿ ಇಟ್ಟೆ. ಹೆಂಗಸರು ಮೂಗು ಒರೆಸಿಕೊಳ್ಳುತ್ತಾ ಸರದಿ ಮೇಲೆ ಡಬ್ಬಿಯ ಹಿಡಿ ತಿರುಗಿಸಿದರು. ಗಟ್ಟಿಯಾದದ್ದು ಕಮ್ಮಿ, ಗಂಜಿಯಂತೆ ಇದ್ದದ್ದೇ ಜಾಸ್ತಿ. ದೊರೆಸಾನಿ ಎರಡಲ್ಲ, ಒಂದು ಬಟ್ಟಲೇ ತಿಂದರು. ಉಳಿದದ್ದನ್ನು ತಾವೇ ಎಲ್ಲರಿಗೂ ಹಂಚಿದರು.

ಅಜ್ಜಿ ಒಂದು ಚಮಚ ಬಾಯಿಗಿಟ್ಟುಕೊಂಡಳು. ಇದ್ದ ಎರಡು ಹಲ್ಲಿಗೂ ಜುಂ ಹಿಡಿದು ಮುಖ ಹಿಂಡಿದಳು. ನುಂಗಿದಳು. ಬಟ್ಟಲು ಮತ್ತೆ ಚಾಚಿದಳು.

"ನನ್ನ ವಯಸ್ಸಿಗೆ ನೂರಾರು ತಿಥಿ ಊಟ ಉಂಡೀನಿ ಕಣಮ್ಮಿ," ಅಂದಳು. "ಆರಿ ತಣ್ಣಗಾಗಿರೋದ್ನ ಬಡಿಸಿದ್ರೂ ಬೈಯ್ದೇ ತಿಂದಿದ್ದು ಇದೇ ಮೊದಲು."